ಪರದೆಯ ಕೆಳಗಿದ್ದ ಕೆಂಪು ಗುಂಡಿ

ಅಥವಾ ನಾನು ಕೆಲಸ ಶುರುಮಾಡುವ ಮೊದಲೇ ಮಹಾದೇವಿ ಆ ಗುಂಡಿಯ ಮಾತು ಎತ್ತಿದ್ದರೋ ಏನೋ. ನಂತರ ಎತ್ತಿದರು ಎಂದುಕೊಂಡರೆ ನನಗೆ ಅನುಕೂಲ, ಅದಕ್ಕೇ ಅನುಮಾನ.

ಮೂರು ವರ್ಷದ ಹಿಂದಿರಬೇಕು. ಮನೆ ಮರಾಠಿ ನಾಡಿನ ನಿಗಡಿಯಲ್ಲಿ, ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಬ್ರೇಕಿನ ಪಿನ್ನು ತಯಾರಿಸುವ ಒಂದು ಕಾರ್ಖಾನೆಯ ಮ್ಯಾನೇಜರ್ ಫೋನ್ ಮಾಡಿದರು. ತಪಾಸಣೆ ವಿಭಾಗದ ಪರದೆ ಚಿಕ್ಕದಾಗಿ ಕಾಣುತ್ತದೆ, ಇವತ್ತೇ ಸರಿಮಾಡಬೇಕು.

ಅವರ ಹಳೆಯ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಹೊಸದರೊಳಗೆ ಹಳೆಯದರಂತೆ ವರ್ತಿಸುವ ಒಂದು ವರ್ಚುವಲ್ ಮಷಿನ್ ಮಾಡಿ ಅದರಲ್ಲಿ ಕೂರಿಸಿದ್ದರು. ಒಳಗಿನ ಯಂತ್ರಕ್ಕೆ ಹೊರಗಿನ ಪರದೆಯ ಅಳತೆ ತಿಳಿಯಬೇಕಾದರೆ ಗೆಸ್ಟ್ ಟೂಲ್ಸ್ ಎಂಬ ಪ್ರೋಗ್ರಾಂಗಳನ್ನು ಹಾಕಬೇಕು. ಯಾರೂ ಹಾಕಿರಲಿಲ್ಲ. ನಾನು ಇನ್‌ಸ್ಟಾಲ್ ಮಾಡತೊಡಗಿದೆ.

ಪಕ್ಕದಲ್ಲಿ ಕೂತಿದ್ದವರು ಆಪರೇಟರ್ ಮಹಾದೇವಿ, ಯಾದಗಿರಿ ಕಡೆಯವರು.

"ಕನ್ನಡದವರೇನ್ರಿ ಸರ? ನಾಳಿಗಿ ನನ್ನ ಮ್ಯಾಲ ಎನ್‌ಕ್ವಾಯರಿ ಅದರಿ. ಕೆಟ್ಟ ಪಿನ್ನೆಲ್ಲಾ ನಾನೇ ಪಾಸ್ ಮಾಡೀನಂತ. ನೌಕರಿ ಹೋದಂಗ."

"ಮಾಡೀರೇನು?"

"ಪಾಸ್ ಗುಂಡಿ ಒಂದೇ ಕಾಣತದಲ್ರಿ! ರಿಜೆಕ್ಟ್ ಎಲ್ಲಿ ಅದ, ತೋರಸ್ರಿ ನೋಡೂಣು."

ಹಳೆಯ ಕಂಪ್ಯೂಟರಿನಲ್ಲಿ ಪಾಸ್‌ನ ಕೆಳಗೇ ಕೆಂಪು ರಿಜೆಕ್ಟ್ ಗುಂಡಿ ಇತ್ತಂತೆ. ಹೊಸದರಲ್ಲಿ ಇಲ್ಲ. ಒಂದು ಗುಂಡಿ ಒತ್ತದೆ ಮುಂದಿನ ಪಿನ್ನಿಗೆ ಹೋಗುವಂತಿಲ್ಲ. ಮ್ಯಾನೇಜರಿಗೆ ಹೇಳಿದರೆ "ಜೆ ದಿಸ್ತಂಯ್ ತೆ ದಾಬ್" ಅಂದರಂತೆ. ಮರಾಠಿಯಲ್ಲಿ, ಕಾಣುವುದನ್ನು ಒತ್ತು ಎಂದು. ಮಹಾದೇವಿ ಕಾಣುವುದನ್ನು ಒತ್ತಿ, ಬಿರುಕಿನ ಪಿನ್ನನ್ನು ಕೆಂಪು ಟ್ರೇಗೆ ಹಾಕುತ್ತಿದ್ದರು. ಸಂಜೆ ಪೆಟ್ಟಿಗೆ ತುಂಬುವವರಿಗೆ ಕಂಪ್ಯೂಟರಿನ ಲೆಕ್ಕಕ್ಕಿಂತ ಪಿನ್ನು ಕಡಿಮೆ ಬೀಳುತ್ತಿತ್ತು. ಕೊರತೆಯನ್ನು ಅದೇ ಕೆಂಪು ಟ್ರೇಯಿಂದ ತುಂಬಿಕೊಳ್ಳುತ್ತಿದ್ದರು. ದಿನಾ.

ಯಂತ್ರ ರೀಸ್ಟಾರ್ಟ್ ಆಯಿತು. ಪರದೆ ದೊಡ್ಡದಾಯಿತು, ಇಷ್ಟು ದಿನ ಕತ್ತರಿಸಿಹೋಗಿದ್ದ ಕೆಳಭಾಗವೂ ಕಂಡಿತು. ಕೆಳಗೆ ಕೆಂಪು ಗುಂಡಿ.

"ಇಲ್ಲೇ ಕುಂತಿದ್ಯಾ, ನನ್ನ ಸವತಿ!" ಎಂದು ಮಹಾದೇವಿ ನಕ್ಕುಬಿಟ್ಟರು.

ಮ್ಯಾನೇಜರ್ ಬಂದು ನೋಡಿ ಅವರೂ ನಕ್ಕು ಮರಾಠಿಯಲ್ಲಿ ಹೇಳಿದರು. "ಭಾಳ ಚಲೋ ಆತು. ಇನ್ನ ಯಾರೂ ಮುಟ್ಟಬ್ಯಾಡ್ರಿ. ನಾಳೆ ಎನ್‌ಕ್ವಾಯರಿ ಸಾಹೇಬರು ಹಿಂಗೇ ನೋಡಬೇಕು." ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಗುಂಡಿ ಮೊದಲಿನಿಂದಲೂ ಇತ್ತು, ಈಕೆಯೇ ಒತ್ತಲಿಲ್ಲ ಎಂದು ತೋರಿಸಲು ಇನ್ನೇನೂ ಬೇಕಿರಲಿಲ್ಲ. ಆಕೆಯ ಏಕೈಕ ಸಾಕ್ಷಿಯನ್ನು ನಾನೇ ಕೈಯಾರೆ ಒರೆಸಿಹಾಕಿದ್ದೆ.

ಮರುದಿನ ಕರೆಯದೆಯೇ ಹೋದೆ. ವಿಚಾರಣೆಗೆ ಕೂತವರ ಕಣ್ಣೆದುರೇ ಗೆಸ್ಟ್ ಟೂಲ್ಸ್ ತೆಗೆದು ಯಂತ್ರ ರೀಸ್ಟಾರ್ಟ್ ಮಾಡಿದೆ. ಪರದೆ ಕುಗ್ಗಿತು, ಗುಂಡಿ ಮಾಯ.

"ಇಬ್ಬರೂ ಕಾನಡಿ. ಮಾತಾಡಿಕೊಂಡು ಬಂದಾರ," ಎಂದರು ಮ್ಯಾನೇಜರ್. ಕಾನಡಿ ಎಂದರೆ ಕನ್ನಡದವರು.

"ಸಾಹೇಬ್ರ, ಗುಂಡೀನೂ ಕಾನಡಿ ಏನ್ರಿ?" ಮಹಾದೇವಿ ಕೇಳಿದ್ದು ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವಂತೆ.

ಮಹಾದೇವಿಯ ನೌಕರಿ ಉಳಿಯಿತು. ವಿಚಾರಣೆ ಕಂಡುಕೊಂಡದ್ದು 'ತಾಂತ್ರಿಕ ದೋಷ'. ಮ್ಯಾನೇಜರನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಚಹಾ ತರಿಸಿದವರು ಅವರೇ. 'ತಾಂತ್ರಿಕ ದೋಷ' ಎಂಬ ಆ ಎರಡು ಪದ ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ. ಅಂದಿನಿಂದ ಏನನ್ನೇ ಸರಿಮಾಡುವ ಮುನ್ನ, ಅದು ಕೆಟ್ಟಿದ್ದ ಹಾಗೇ ಒಂದು ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ.

ಪರದೆ ದೊಡ್ಡದಾದರೆ ಗುಂಡಿ ಕಾಣುತ್ತದೆಂದು ತಿಳಿದೇ ಮ್ಯಾನೇಜರ್ ನನ್ನನ್ನು ಕರೆದಿದ್ದರೇ? ಗೊತ್ತಿಲ್ಲ. ಕೆಂಪು ಟ್ರೇಯ ಪಿನ್ನುಗಳು ಯಾವ ಗಾಡಿಗಳಲ್ಲಿ ಓಡಾಡುತ್ತಿವೆ ಎಂಬುದೂ ಗೊತ್ತಿಲ್ಲ.