ಪರಲೋಕದಲ್ಲೊಂದು ಜಾಗ

ಕರೆಂಟ್ ಬಿಲ್ಲು ಕೊಡಲು ಬಂದವನಿಗೆ ಯಾರೂ ಕೂತುಕೋ ಅನ್ನುವುದಿಲ್ಲ. ಸಿಂಧನೂರಿನ ನನ್ನ ಬಾಡಿಗೆ ಕೋಣೆಯಲ್ಲೂ ಹಾಗೆ ಅನ್ನುವವರಿಲ್ಲ, ಆದ್ದರಿಂದ ಅದು ರೂಢಿಯಾಗಿಬಿಟ್ಟಿದೆ.

ಮೊನ್ನೆ ಭಾನುವಾರ ಬಳಗಾನೂರಿನ ಒಂದು ಮನೆಯಲ್ಲಿ ಮೀಟರ್ ನೋಡುತ್ತಿದ್ದೆ. ಮನೆಯವರೆಲ್ಲ ಗದ್ದೆಯಲ್ಲಿ ನೆಲ್ಲು ಹಚ್ಚಲು ಹೋಗಿದ್ದರು. ಒಬ್ಬಳೇ ಕೂತು ಯೇಸುವಿನ ಹಾಡು ಹೇಳುತ್ತಿದ್ದ ಅಜ್ಜಿ ತಟ್ಟನೆ ನಿಲ್ಲಿಸಿ, "ಕುಂದರ್ರಿ, ಕೂಡಿ ಹಾಡೂಣು" ಅಂದಳು.

"ನಾ ನಿಮ್ಮ ಪೈಕಿ ಅಲ್ಲ ಯವ್ವಾ."

"ನನ್ನ ಮನಿಯವ್ರೂ ಅಲ್ರಿ. ಯೇಸಪ್ಪ ನನ್ನ ಪಾಪ ಹೊತ್ತಾನ, ನಾ ಪರಲೋಕಕ್ಕ ಹೋಗಾಕಿ ಖರೇ. ಆದ್ರ ಗಂಡ, ಮಕ್ಕಳು ಯಾರೂ ನಂಬವಲ್ರು. ಅಲ್ಲಿ ಯಾರ ಬಾಜೂಕ ಕುಂತು ಆತನ್ನ ಹಾಡಿ ಹೊಗಳ್ಲಿ? ನೀವಾದ್ರೂ ಬರ್ರಿ."

ಬಿಲ್ಲು ಹರಿದು ಕೊಡುತ್ತ, "ಅಲ್ಲಿ ಕರೆಂಟ್ ಐತೇನು?" ಅಂತ ಕೇಳಿದೆ.

"ಆತನ ಬೆಳಕಿರ್ತೈತ್ರಿ. ದೀಪಾನ ಬ್ಯಾಡ."

"ಹಂಗಾದ್ರ ಅಲ್ಲಿ ನನಗೇನು ಕೆಲಸ?"

"ಕೆಲಸಕ್ಕಲ್ರಿ, ಕುಂದ್ರಾಕ ಕರ್ಯಾಕತ್ತೀನಿ."

ಕೂತೆ. ಆಕೆ ಹಾಡಿದಳು, ನಾನು ತಾಳ ತಪ್ಪಿ ಚಪ್ಪಾಳೆ ತಟ್ಟಿದೆ. ಹೊರಟಾಗ ಅಜ್ಜಿ, "ಮೊದಲ ಹೋಗಾಕಿ ನಾನ. ಬಸ್ಸಿನ್ಯಾಗ ಹಾಕ್ತಾರಲ್ರಿ, ಹಂಗ ನಿಮಗೊಂದು ಟವೆಲ್ ಹಾಕಿ ಜಾಗ ಹಿಡಿದಿರ್ತೀನಿ" ಅಂದಳು.

ಸಂಜೆ ಸಿಂಧನೂರಿನ ಬಸ್ಸು ಹತ್ತಿದಾಗ ಖಾಲಿ ಸೀಟುಗಳ ಮೇಲೆಲ್ಲ ಟವೆಲ್ ಬಿದ್ದಿದ್ದವು. ಒಂದೂ ನನಗಾಗಿ ಹಾಕಿದ್ದಲ್ಲ. ಕಂಬಿ ಹಿಡಿದು ನಿಂತೇ ಬಂದೆ. ನನಗೆ ಅಂತ ಜಾಗ ಹಿಡಿಯುವವಳು ಆ ಅಜ್ಜಿ ಒಬ್ಬಳೇ. ಅದೂ ನಾನಿನ್ನೂ ನಂಬದ ಊರಲ್ಲಿ.