ಮೆಣಸಿನಕಾಯಿ ಹೊಗೆ ಮತ್ತು ಬಾಣಂತಿ ತೋಳ

ತಾಯಿಯ ಧೈರ್ಯಕ್ಕೆ ಸಮನಾದದ್ದು ಈ ಸೃಷ್ಟಿಯಲ್ಲಿ ಇನ್ನೊಂದಿಲ್ಲವೆಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರು ಯಾರೂ ತೋಳ ಸಾಕಿದವರಲ್ಲ. ಬೇಲಿಯ ಆಚೆ ಹಳೇ ಸಿಮೆಂಟು ಚೀಲವೊಂದು ಗಾಳಿಗೆ ಎದ್ದು ಕೂತರೆ ಸಾಕು, ಹೆಣ್ಣು ತೋಳ ಅರ್ಧ ದಿನ ಅನ್ನ ನೀರು ಬಿಡುತ್ತದೆ.

ಬಳ್ಳಾರಿಯ ಒಂದು ಪುಟ್ಟ ಮೃಗಾಲಯದಲ್ಲಿ ತೋಳಗಳ ಸೇವೆ ಮಾಡುತ್ತ ತಲೆ ನರೆಸಿಕೊಂಡವನು ನಾನು. ಮಗಳ ಮದುವೆಯ ಮಾತುಕತೆಗೆ ಬಂದ ಸಿರುಗುಪ್ಪದ ಬೀಗರು ನನ್ನ ಉದ್ಯೋಗ ಕೇಳಿ, "ಸರ್ಕಾರಿ ಕೆಲಸ ಅಲ್ಲೇನ್ರಿ, ಆತು ಬಿಡ್ರಿ" ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡಿದ್ದರು. ಈ ಉದ್ಯೋಗದ ಬಹುಭಾಗ ಏನೂ ಮಾಡದೆ ಇರುವುದೇ ಎಂದು ಅವರಿಗೆ ನಾನು ಬಿಡಿಸಿ ಹೇಳಲಿಲ್ಲ. ದಿನಾ ಅದೇ ಹೊತ್ತಿಗೆ, ಅದೇ ಖಾಕಿ ಅಂಗಿಯಲ್ಲಿ, ಅದೇ ಬಕೆಟ್ಟು ಹಿಡಿದು ಹೋಗಬೇಕು. ಗೇಟು ಮುಟ್ಟುವ ಮೊದಲು ಒಮ್ಮೆ ಕೆಮ್ಮಬೇಕು. ಮಾಂಸ ಇಟ್ಟು, ದೃಷ್ಟಿ ಸೇರಿಸದೆ, ಬೆನ್ನು ತಿರುಗಿಸಿ ಬಂದುಬಿಡಬೇಕು. ಹೊಸ ಚಪ್ಪಲಿ ಹಾಕಿಕೊಂಡು ಹೋದ ದಿನ ನನ್ನ ಗುರುತೇ ಇಲ್ಲದವರ ಹಾಗೆ ಅವು ನಡೆದುಕೊಂಡದ್ದುಂಟು.

ನಾನು ಹೇಳಹೊರಟ ಹೆಣ್ಣು ತೋಳ ಕುರುಗೋಡಿನ ಗುಡ್ಡದ್ದು. ಕುರಿ ಕಳೆದುಕೊಂಡ ಯಾರೋ ಗವಿಯ ಬಾಯಲ್ಲಿ ಒಣಮೆಣಸಿನಕಾಯಿ ಸುಟ್ಟು ಒಳಗೆ ಹೊಗೆ ಬಿಟ್ಟಿದ್ದರು. ಮರಿಯಾಗಿದ್ದ ಇದೊಂದು ಕೆಮ್ಮುತ್ತ ಹೊರಗೆ ಬಂತು, ಒಡಹುಟ್ಟಿದವು ಬರಲಿಲ್ಲ. ಅರಣ್ಯ ಇಲಾಖೆಯವರು ತಂದು ನಮಗೆ ಒಪ್ಪಿಸಿದರು. ಅದು ನಮ್ಮಲ್ಲೇ ಬೆಳೆದು, ನಾನು ಹೇಳುತ್ತಿರುವ ಚಳಿಗಾಲದಲ್ಲಿ ಮೊದಲ ಸಲ ಮೂರು ಮರಿ ಹಾಕಿತ್ತು.

ಮೃಗಾಲಯದಲ್ಲಿ ಕಸ ಗುಡಿಸುತ್ತಿದ್ದ ಅಕ್ಕ ರಾರಾವಿ ಊರಿನವಳು. ಬಾಣಂತಿ ಎಂದರೆ ಅವಳಿಗೆ ಬಾಣಂತಿಯೇ. ಕಾಲು ಎರಡೋ ನಾಲ್ಕೋ ಎಂದು ನೋಡುವವಳಲ್ಲ. ಮರಿ ನೋಡಲು ಸಾಹೇಬರೊಬ್ಬರ ಸಂಸಾರವೆಲ್ಲ ಬಂದು, ಬೇಲಿಗೆ ಮೂಗು ಹಚ್ಚಿ ನಿಂತು ಹೋಗಿತ್ತು. ಮರುದಿನ ಬೆಳಿಗ್ಗೆ ಅಕ್ಕ ತಮ್ಮ ಹೊಲದ ಮೆಣಸಿನಕಾಯಿ, ಹರಳುಪ್ಪು ಹಿಡಿದು ಆವರಣದೊಳಗೆ ತೋಳಕ್ಕೆಂದು ಕಟ್ಟಿಸಿದ್ದ ಗವಿಯ ಕಡೆಗೆ ನಿವಾಳಿಸಿ, ಬೇಲಿಯ ಬುಡದಲ್ಲೇ ಕೆಂಡಕ್ಕೆ ಹಾಕಿದಳು. ಗಾಳಿ ಒಳಮುಖವಾಗಿ ಬೀಸುತ್ತಿತ್ತು.

ನಾನು ಬರುವಷ್ಟರಲ್ಲಿ ತಾಯಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇಲಿಗುಂಟ ಓಡುತ್ತಿತ್ತು. ಕೆಂಡಕ್ಕೆ ನೀರು ಹೊಯ್ದೆ. ಹೊಗೆ ನಿಂತಿತು, ಓಟ ನಿಲ್ಲಲಿಲ್ಲ. ಗುಡ್ಡದಲ್ಲಾದರೆ ತೋಳಕ್ಕೆ ಎರಡನೇ ಗವಿ ಇರುತ್ತದೆ. ಒಂದು ಕೆಟ್ಟರೆ ಮರಿಗಳನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ನಾವು ಕಟ್ಟಿಸಿಕೊಟ್ಟದ್ದು ಒಂದೇ. ಇಡಲು ಜಾಗ ಸಿಗದೆ ಹೊತ್ತು ತಿರುಗುವ ತಾಯಿಯ ಹಲ್ಲು ಸುತ್ತು ಸುತ್ತಿಗೂ ಬಿಗಿಯಾಗುತ್ತದೆ. ಮರಿಯ ಕಾಲು ಆಗಲೇ ಜೋತುಬಿದ್ದಿತ್ತು. ಗವಿಯಲ್ಲಿದ್ದ ಎರಡು ಮರಿ ಹಾಲಿಗೆ ಕುಂಯ್‌ಗುಡುತ್ತಿದ್ದವು.

"ದೃಷ್ಟಿ ತೆಗದೀನಣ್ಣ, ಮಾಟ ಮಾಡಿಲ್ಲ" ಎಂದಳು ಅಕ್ಕ.

"ನನಗ ಗೊತ್ತೈತಿ. ಅದಕ್ಕ ಹೇಳು" ಎಂದೆ.

ಫೋನು ಮಾಡಿದ್ದಕ್ಕೆ ಪಾರ್ವತಿನಗರದಿಂದ ನಮ್ಮ ಪ್ರಾಣಿಗಳ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಅರಿವಳಿಕೆ ಸೂಜಿ ಹೊಡೆದು ಮಲಗಿಸಿಬಿಡಿ ಎಂದು ನಾನು ಕೈಮುಗಿಯುವುದೊಂದು ಬಾಕಿ.

"ಬಾಯಾಗ ಮರಿ ಐತಣ್ಣ. ಬೀಳೋವಾಗ ಹಲ್ಲು ಕಚ್ಚಿತಂದ್ರ?" ಎಂದವರು ಪಕ್ಕದ ಆವರಣವನ್ನೇ ದಿಟ್ಟಿಸಿದರು. ಅಲ್ಲಿ ಹಿಂದೆ ನರಿಯೊಂದು ವಾಸವಾಗಿದ್ದು, ಸೇವೆಯಲ್ಲಿರುವಾಗಲೇ ತೀರಿಕೊಂಡಿತ್ತು. ಅದರ ಮನೆಯಾಗಿದ್ದ ಅಗಲವಾದ ಸಿಮೆಂಟು ಪೈಪು ಅರ್ಧ ಮಣ್ಣಲ್ಲಿ ಹೂತು ಹಾಗೇ ಉಳಿದಿತ್ತು; ಎರಡನೇ ಗವಿಗೆ ಅಷ್ಟು ಸಾಕಿತ್ತು. ಎರಡು ಆವರಣಗಳ ನಡುವೆ ಪಕ್ಕಕ್ಕೆ ಸರಿಯುವ ಕಬ್ಬಿಣದ ಬಾಗಿಲು. ವರ್ಷಗಳಿಂದ ಯಾರೂ ತೆಗೆಯದೆ ತುಕ್ಕು ಹಿಡಿದಿತ್ತು. ಅದು ಕಿರುಗುಟ್ಟಿದರೆ ಆ ಮರಿಯ ಕಥೆ ಮುಗಿದಂತೆ.

ಅಕ್ಕ ಓಡಿ, ಗೇಟಿನ ಮುಂದಿನ ಮಿರ್ಚಿ ಬಜ್ಜಿ ಬಂಡಿಯಿಂದ ಒಂದು ಲೋಟ ಎಣ್ಣೆ ತಂದಳು. ಡಾಕ್ಟರಮ್ಮ ಮೂಸಿ ನೋಡಿದರು.

"ಯಕ್ಕಾ, ಇದ್ರಾಗ ಮಿರ್ಚಿ ಕರದಾರ. ಮತ್ತ ಮೆಣಸಿನಕಾಯೇನು?"

ಅಕ್ಕ ಮತ್ತೆ ಓಡಿದಳು. ಈ ಸಲ ಎಣ್ಣೆಯ ಒಡೆಯದ ಪಾಕೀಟು ಬಂತು. ನರಿಯ ಆವರಣದ ಕಡೆಯಿಂದ ಹೋಗಿ ಬಾಗಿಲು ಸರಿಯುವ ಹಳಿಗೆ, ಚಕ್ರಕ್ಕೆ ಎಣ್ಣೆ ಕುಡಿಸಿದೆ. ಅದು ಇಳಿಯುವವರೆಗೆ ಕಾಯಬೇಕು. ಮರಿಗೆ ಕಾಯುವಷ್ಟು ವ್ಯವಧಾನ ಇದೆಯೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಮೂವರೂ ಬೇಲಿಯ ಹೊರಗೆ ಚಾಚಿದ್ದ ಬಾಗಿಲಿನ ಸರಳು ಹಿಡಿದು ಮೆಲ್ಲಗೆ ಎಳೆದೆವು. ಬಾಗಿಲು ಬೆರಳಷ್ಟು ಸರಿಯಿತು. ತೋಳ ನಿಂತಿತು. ಕಿವಿ ನಮ್ಮ ಕಡೆ ತಿರುಗಿದವು. ಮೂವರೂ ಉಸಿರು ಹಿಡಿದಿರುವ ಆ ಗಂಭೀರ ಗಳಿಗೆಯಲ್ಲಿ, ಅಭ್ಯಾಸಬಲದಿಂದ, ನಾನು ಕೆಮ್ಮಿದೆ. ಡಾಕ್ಟರಮ್ಮ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ತೋಳ ಮಾತ್ರ, ಇವನೇನೋ ದಿನಾ ಕೆಮ್ಮುವವನು ಎಂಬಂತೆ, ಮುಖ ತಿರುಗಿಸಿ ಮತ್ತೆ ಓಡತೊಡಗಿತು.

ಬಾಗಿಲು ತೋಳ ನುಗ್ಗುವಷ್ಟು ತೆರೆದ ಮೇಲೆ ನಾವು ಬೇವಿನ ಮರದ ಬಳಿ ಹೋಗಿ ಬೆನ್ನು ಮಾಡಿ ಕೂತೆವು. ತಿರುಗಿ ನೋಡಿದರೆ ಅದು ಬಾಗಿಲ ಹತ್ತಿರ ಸುಳಿಯುವುದಿಲ್ಲ. ನೋಡದೆ ಇರಲು ನಮ್ಮಿಂದಾಗದು. ಡಾಕ್ಟರಮ್ಮ ಆರಿಸಿದ ಮೊಬೈಲನ್ನು ಕನ್ನಡಿಯ ಹಾಗೆ ಎತ್ತಿ ಹಿಡಿದರು. ಆ ಕಪ್ಪು ಗಾಜಿನಲ್ಲಿ ಕಂಡದ್ದೇ ನಮ್ಮ ಪಾಲಿನ ಸಮಾಚಾರ. ಬಾಗಿಲು ಮೂಸಿತಂತೆ. ಹಿಂದಕ್ಕೆ ಸರಿಯಿತಂತೆ. ಇನ್ನೊಂದು ಸುತ್ತು ಹೋಯಿತಂತೆ. ಅಕ್ಕ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕೂತಿದ್ದಳು.

"ಹೋತು" ಎಂದರು ಡಾಕ್ಟರಮ್ಮ.

ಮೊಬೈಲು ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅಕ್ಕ ನನ್ನ ಮೊಣಕೈ ತಿವಿದಳು, ಕೇಳು ಎಂದು. ನಾನು ಕೇಳುವ ಮೊದಲೇ ಡಾಕ್ಟರಮ್ಮ ಅಂದರು:

"ಬರಿಬಾಯಿಲೆ ಬಂತು."

ಅಂದರೆ ಮರಿಯನ್ನು ಪೈಪಿನಲ್ಲಿ ಇಟ್ಟು ಬಂದಿದೆ. ಎರಡನೆಯದನ್ನು ಸಾಗಿಸಿತು, ಮೂರನೆಯದನ್ನೂ ಸಾಗಿಸಿತು, ಮತ್ತೆ ಹೊರಗೆ ಬರಲಿಲ್ಲ. ನಾವು ಬಾಗಿಲು ಹಾಕಲು ಹೋಗಲಿಲ್ಲ. ಪೈಪಿನ ಒಳಗೆ ಇಣುಕುವ ಧೈರ್ಯ ಯಾರಿಗೂ ಇರಲಿಲ್ಲ. ಇದ್ದಿದ್ದರೂ ಡಾಕ್ಟರಮ್ಮ ಬಿಡುತ್ತಿರಲಿಲ್ಲ. ಮುಂದಿನ ದಿನಗಳಲ್ಲಿ ಮಾಂಸ ಇಟ್ಟು, ಬೆನ್ನು ತಿರುಗಿಸಿ ಬರುತ್ತಿದ್ದೆ. ಮೊದಲು ಹೊತ್ತ ಮರಿ ಹೇಗಿದೆ ಎಂದು ಅಕ್ಕ ದಿನಾ ಕೇಳುತ್ತಿದ್ದಳು, ನಾನು ದಿನಾ ಗೊತ್ತಿಲ್ಲ ಎನ್ನುತ್ತಿದ್ದೆ.

ಮರಿಗಳು ಕಣ್ಣು ಬಿಟ್ಟು ಪೈಪಿನ ಬಾಯಿಗೆ ಬಂದಾಗ ಎಣಿಸಿದೆವು. ಎರಡು ಇದ್ದವು, ಎರಡರ ಮೈಮೇಲೂ ಹಲ್ಲಿನ ಗುರುತಿರಲಿಲ್ಲ. ತಾಯಿ ಮೊದಲು ಹೊತ್ತಿದ್ದ ಮರಿ ಬದುಕಿರಲಿಲ್ಲ.