ಪೆನಾಂಗಿನಲ್ಲಿ ಅಕ್ಕನನ್ನು ಕೇಳಬೇಕಿದ್ದ ಮಾತು

ಅಕ್ಕನನ್ನು ಪೆನಾಂಗ್ ದ್ವೀಪಕ್ಕೆ ಕರೆದುಕೊಂಡು ಹೋದದ್ದರಲ್ಲಿ ನನ್ನದೊಂದು ಸ್ವಾರ್ಥವಿತ್ತು. ಬೆಂಗಳೂರಿನ ಯಡಿಯೂರು ಕೆರೆಯಿಂದ ಎರಡು ರಸ್ತೆ ಆಚೆ ಅಪ್ಪ ಕಟ್ಟಿಸಿದ್ದ ಮನೆ ನಮ್ಮಿಬ್ಬರ ಹೆಸರಿನಲ್ಲಿತ್ತು. ನಾನು ಮದುವೆಯಾಗಿ ಜೆ.ಪಿ. ನಗರಕ್ಕೆ ಹೋದೆ. ಅಕ್ಕ ಮದುವೆಯಾಗಲಿಲ್ಲ. ಟೆಲಿಫೋನ್ ಆಫೀಸಿನಲ್ಲಿ ದುಡಿದು, ನಿವೃತ್ತಳಾಗಿ, ಆ ಮನೆಯಲ್ಲೇ ಉಳಿದಳು. ಬಿಲ್ಡರೊಬ್ಬರು ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿ, ಇಬ್ಬರಿಗೂ ಒಂದೊಂದು ಫ್ಲಾಟ್ ಕೊಡುತ್ತೇನೆಂದು ನನ್ನ ಹತ್ತಿರ ಬಂದು ಆರು ತಿಂಗಳಾಗಿತ್ತು. ಕರಾರುಪತ್ರ ನನ್ನ ಬೀರುವಿನಲ್ಲೇ ಇತ್ತು. ಅಕ್ಕನ ಮುಂದೆ ಆ ಮಾತೆತ್ತಲು ಬಾಯಿ ಬರುತ್ತಿರಲಿಲ್ಲ. ಊರಿನಿಂದ ದೂರ, ಅವಳು ಖುಷಿಯಾಗಿರುವ ಹೊತ್ತು ನೋಡಿ ಕೇಳಿದರೆ ಒಪ್ಪಬಹುದೆಂದು ಟಿಕೆಟ್ ಮಾಡಿಸಿದೆ.

ಹೋದ ದಿನದಿಂದಲೇ ನನಗೆ ಒಂದು ಕಡೆ ಕೂರಲಾಗಲಿಲ್ಲ. ಹೋಟೆಲಿನ ರೂಮಿನಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಅತ್ತಿಂದಿತ್ತ ನಡೆಯುತ್ತಿದ್ದೆ. ಬೀದಿಗಿಳಿದರೆ ನಾನು ಮುಂದೆ, ಅಕ್ಕ ಇಪ್ಪತ್ತು ಹೆಜ್ಜೆ ಹಿಂದೆ. ಒಂದೇ ರಸ್ತೆಯಲ್ಲಿ ಇಂಗ್ಲಿಷರ ಕಾಲದ ಚರ್ಚು, ಚೀನೀಯರ ದೇವಸ್ಥಾನ, ಮಸೀದಿ; ಒಳಕ್ಕೆ ತಿರುಗಿದರೆ ಮಾರಿಯಮ್ಮನ ಗುಡಿ, ಅದರ ಮುಂದೆ ಮಲ್ಲಿಗೆ ಕಟ್ಟುತ್ತಿದ್ದ ತಮಿಳು ಹೆಂಗಸರು. ಯಡಿಯೂರಿನ ನೆರೆಹೊರೆಯವರಿಂದ ಕಲಿತ ತಮಿಳಿನಲ್ಲಿ ಅಕ್ಕ ಅವರೊಂದಿಗೆ ಹೂವಿನ ರೇಟಿನಿಂದ ಹಿಡಿದು ಮೊಮ್ಮಕ್ಕಳವರೆಗೆ ಮಾತಾಡಿದಳು. ನಾನು ಬಿಸಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ.

ಸಾಲದ್ದಕ್ಕೆ ಆ ಊರಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಹಳೆಯ ಮನೆಗಳೇ. ಹೂವಿನ ಚಿತ್ತಾರದ ನೆಲ, ಮರದ ಪಟ್ಟಿಯ ಕಿಟಕಿ, ಒಂದು ಮನೆಯ ಜಗಲಿ ಮುಂದಿನ ಮನೆಯ ಜಗಲಿಗೆ ಕೂಡಿಕೊಂಡು ಬೀದಿಯುದ್ದಕ್ಕೂ ನೆರಳು. "ಇದನ್ನೆಲ್ಲ ಯಾರೂ ಕೆಡವೋ ಹಾಗಿಲ್ವಂತೆ," ಎಂದು ಟ್ಯಾಕ್ಸಿಯವನು ತಮಿಳಿನಲ್ಲಿ ಹೇಳಿದ್ದನ್ನು ಅಕ್ಕ ನನಗೆ ಕನ್ನಡದಲ್ಲಿ ಹೇಳಿದಳು. ಆಮೇಲೆ ಜಗಲಿಯ ಕಂಬ ಕಂಡಲ್ಲೆಲ್ಲ ನಿಂತು ಕೈಯಾಡಿಸಿದಳು. ಇನ್ನು ಇವಳು ಸಹಿ ಹಾಕುವುದಿಲ್ಲವೆಂದುಕೊಂಡು ನಾನು ಇನ್ನಷ್ಟು ಬಿರುಸಾಗಿ ನಡೆದೆ.

ತಿನ್ನುವುದರಲ್ಲೂ ನನ್ನದು ಅದೇ ಗಡಿಬಿಡಿ. ಬೆಳಗ್ಗೆ ಗಾಡಿಯೊಂದರಲ್ಲಿ ನಮ್ಮ ಒತ್ತು ಶಾವಿಗೆಯಂಥದ್ದನ್ನೇ ಕಾಯಿತುರಿ, ಕಂದು ಸಕ್ಕರೆ ಹಾಕಿ ಕೊಟ್ಟರು. ಎರಡು ತುತ್ತು ತಿಂದು ನಾನು ಎದ್ದೆ. ನಾಲ್ಕನೆಯ ದಿನ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ ಹತ್ತಾರು ಅಂಗಡಿಗಳಿದ್ದ ಜಾಗಕ್ಕೆ ಹೋದೆವು. ಮಲಯರದ್ದು, ಚೀನೀಯರದ್ದು, ತಮಿಳು ಮುಸ್ಲಿಮರದ್ದು, ಎಲ್ಲ ಅಕ್ಕಪಕ್ಕ. ಮಾಂಸ, ಮೀನು ಇಲ್ಲದ್ದನ್ನೇ ಮಾಡುವ ಚೀನೀ ಮುದುಕಿಯ ಅಂಗಡಿಯನ್ನು ಅಕ್ಕನೇ ಹುಡುಕಿದಳು. ಅಲ್ಲಿಯ ಸಾರಿನ ಜೊತೆಗೆ, ಪಕ್ಕದ ಅಂಗಡಿಯಿಂದ ತೆಂಗಿನ ಹಾಲು, ಬೆಲ್ಲದ ಪಾಕ, ಐಸು ಬೆರೆಸಿ ಹಸಿರು ಎಳೆಗಳನ್ನು ತೇಲಿಬಿಟ್ಟ ಒಂದು ಬಟ್ಟಲನ್ನೂ ತಂದು ಕೂತಳು.

"ಬೇಗ ಮುಗಿಸು. ಕೋಟೆ ನೋಡ್ಬೇಕು," ಎಂದೆ.

"ನಾನು ಬರಲ್ಲ. ನೀನು ಹೋಗು."

"ಒಬ್ಬಳೇ ಏನ್ಮಾಡ್ತೀಯಾ ಇಲ್ಲಿ?"

"ತಿಂತೀನಿ. ನಾಲ್ಕು ದಿನದಿಂದ ಯಾರೋ ಅಟ್ಟಿಸ್ಕೊಂಡು ಬರ್ತಿರೋ ಹಾಗೆ ಓಡ್ತಾ ಇದ್ದೀಯಲ್ಲ, ಏನಾಗಿದೆ ನಿಂಗೆ?"

ಯೋಚಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ನಿಂತಲ್ಲೇ ಬಿಲ್ಡರು, ಕರಾರು, ಫ್ಲಾಟು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಕ್ಕ ಚಮಚ ಕೆಳಗಿಟ್ಟಳು.

"ಇದನ್ನ ಕೇಳೋಕೆ ಸಮುದ್ರ ದಾಟಿಸ್ಕೊಂಡು ಬಂದ್ಯಾ?"

ಹೂಂ ಎಂದೆ.

"ಸಹಿ ಹಾಕ್ತೀನಿ ಕಣೇ. ಯಡಿಯೂರಲ್ಲೇ ಕೇಳಿದ್ರೆ ಅಲ್ಲೇ ಹಾಕ್ತಿದ್ದೆ."

"ನಿಂಗೆ ಆ ಮನೆ ಅಂದ್ರೆ ಪ್ರಾಣ ಅಲ್ವಾ?"

"ಯಾರು ಹೇಳಿದ್ದು? ಸೂರು ಸೋರಿದ್ರೆ ನಾನು, ಮೋಟಾರ್ ಕೆಟ್ರೆ ನಾನು. ಅಪ್ಪನ್ನ, ಅಮ್ಮನ್ನ ನೋಡ್ಕೊಂಡಿದ್ದೂ ಅದೇ ಮನೇಲಿ. ಹಬ್ಬಕ್ಕೆ ಬಂದು ಊಟ ಮಾಡಿ ಹೋಗೋಳಿಗೆ ಅದು ಚೆಂದ. ನಂಗೆ ಸಾಕಾಗಿದೆ."

ಕೋಪವಿಲ್ಲದೆ ಹೇಳಿದಳು. ಮತ್ತೆ ಚಮಚ ಎತ್ತಿಕೊಂಡಳು. ಮುದುಕಿ ಬಂದು ಅವಳ ತಟ್ಟೆ ನೋಡಿ ಇನ್ನಷ್ಟು ಸಾರು ಹಾಕಿ ಹೋದಳು. ನಾನು ಎದುರಿಗೆ ಕೂತೆ. ಬೇಕಾದದ್ದು ಸಿಕ್ಕಿತ್ತು, ನಿರಾಳವಾಗಬೇಕಿತ್ತು. ಆದರೆ ಅಷ್ಟು ವರ್ಷ ಅಕ್ಕನ ಬಗ್ಗೆ ನನಗೆ ಗೊತ್ತಿದೆ ಅಂದುಕೊಂಡಿದ್ದರಲ್ಲಿ ಎಷ್ಟು ನಿಜ ಎಂಬ ಯೋಚನೆ ಹತ್ತಿತು. ಆ ದಿನ ಕೋಟೆ ನೋಡಲಿಲ್ಲ.

ಬೆಂಗಳೂರಿಗೆ ಬಂದ ಮರುವಾರವೇ ನೋಂದಣಿ ಕಚೇರಿಗೆ ಹೋದೆವು. ಅಕ್ಕ ಒಂದರ ಹಿಂದೊಂದು ಹಾಳೆ ತಿರುವಿ ಸಹಿ ಹಾಕಿ ಪೆನ್ನು ನನಗೆ ಕೊಟ್ಟಳು. ನಾನು ಹಿಡಿದುಕೊಂಡು ಕೂತೆ. "ಮೇಡಂ, ಇಲ್ಲಿ," ಎಂದು ಗುಮಾಸ್ತ ಎರಡು ಸಲ ಬೆರಳಿಟ್ಟು ತೋರಿಸಬೇಕಾಯಿತು.

ಈಗ ಅಕ್ಕ ಇಟ್ಟಮಡುವಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದಾಳೆ. ಫ್ಲಾಟ್ ಮುಗಿದರೂ ಅಲ್ಲಿಗೆ ಹೋಗುವುದಿಲ್ಲವಂತೆ. ಮನೆ ಕೆಡವಿದ ದಿನ ಅವಳು ಬರಲಿಲ್ಲ. ನಾನು ಎದುರು ಮನೆಯ ಗೇಟು ಹಿಡಿದುಕೊಂಡು ಸಂಜೆವರೆಗೂ ನಿಂತಿದ್ದೆ. ಕಟ್ಟಡ ಮೂರನೆಯ ಅಂತಸ್ತಿಗೆ ಬಂದಿದೆ. ವಾಕಿಂಗ್ ಎಂದು ಮನೆಯಲ್ಲಿ ಹೇಳಿ ಜೆ.ಪಿ. ನಗರದಿಂದ ದಿನವೂ ಅಲ್ಲಿಗೇ ಹೋಗುತ್ತೇನೆ. ಅದು ಅಕ್ಕನಿಗೂ ಗೊತ್ತಾಗಿದೆ.

"ದಿನಾ ಹೋಗಿ ಏನು ನೋಡ್ತೀಯಾ ಅಲ್ಲಿ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದಳು.

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.